ಪಾಟಾ ಇಳಿದ ಪಿಕಪ್: ಶಾಫ್ಟ್ ಯಾಕೆ ನಡುಗುತ್ತದೆ?

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಲ್ಲಿ ಈಗ ಊರೂರಿಗೂ ಪಿಕಪ್ ಗಾಡಿ ಕಾಣುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಎರಿ ಭೂಮಿಯಲ್ಲಿ ಹತ್ತಿ, ಮೆಣಸಿನಕಾಯಿ, ನೆಲ್ಲು ಹೆಚ್ಚಾದವು. ಹೊಲದಿಂದ ಮನೆಗೆ, ಮನೆಯಿಂದ ಜಿನ್ನಿಗೆ, ಪೇಟೆಗೆ ಮಾಲು ಸಾಗಿಸುವ ಕೆಲಸ ಬಂಡಿಯಿಂದ ಟ್ರ್ಯಾಕ್ಟರಿಗೆ, ಅಲ್ಲಿಂದ ಪಿಕಪ್‌ಗೆ ಬಂದು ನಿಂತಿದೆ. ಸಣ್ಣ ರೈತರು ಕೊಳ್ಳುವುದು ಬಹಳ ಮಟ್ಟಿಗೆ ಸೆಕೆಂಡ್ ಹ್ಯಾಂಡ್ ಗಾಡಿ. ಅಂಥ ಗಾಡಿಯಲ್ಲಿ ಒಂದು ರೋಗ ಸಾಮಾನ್ಯ. 50-60 ಕಿ.ಮೀ. ವೇಗಕ್ಕೆ ಬಂದ ಕೂಡಲೇ ಕಾಲ ಕೆಳಗಿನ ತಗಡು ಝುಂ ಅಂತ ನಡುಗುತ್ತದೆ. ಲೋಡ್ ಹಾಕಿ ಮೊದಲ ಗೇರಿನಲ್ಲಿ ಎಬ್ಬಿಸಿದರೆ ಗಡಗಡ ಅನ್ನುತ್ತದೆ. ಜಾಯಿಂಟಿನ ಕ್ರಾಸ್ ಹಾಕಿಸಿದರೆ ಎರಡು ತಿಂಗಳು ಸುಮ್ಮನಿದ್ದು ಮತ್ತೆ ಅದೇ ಹಾಡು.

ನಾನು ಕೊಂಡ ಹಳೇ ಗಾಡಿಗೂ ಇದೇ ರೋಗವಿತ್ತು. ಖಾಲಿ ಗಾಡಿ ಬಹಳ ಎತ್ತಿ ಹಾಕುತ್ತದೆ ಅಂತ ಹಿಂದಿನ ಮಾಲೀಕರು ಹಿಂದಿನ ಎರಡೂ ಕಡೆ ಒಂದೊಂದು ಪಾಟಾ ಬಿಚ್ಚಿಸಿದ್ದರು. ಉಳಿದ ಪಾಟಾಗಳು ಭಾರಕ್ಕೆ ಸೋತು ನೆಟ್ಟಗಾಗಿದ್ದವು. ಗಾಡಿಯ ಹಿಂಭಾಗ ಇಳಿದಿತ್ತು. ಚೀಲ ಏರಿಸಲು ಹಮಾಲರಿಗೆ ಅನುಕೂಲ, ಕೂತವರಿಗೆ ಕುಲುಕಾಟ ಕಡಿಮೆ, ಖರೆ. ಆದರೆ ಆರು ತಿಂಗಳಲ್ಲಿ ಎರಡು ಕ್ರಾಸ್ ಹೋದವು. ಕ್ರಾಸ್ ಯಾಕೆ ಹೋಗುತ್ತದೆ ಅಂತ ಕಂಡುಹಿಡಿಯದೆ ಬರೀ ಕ್ರಾಸ್ ಬದಲಿಸುವುದು, ಬದು ಕಟ್ಟದೆ ಮಣ್ಣು ಹೇರಿದ ಹಾಗೆ. ಕಾರಣ ಹುಡುಕಿ ಸರಿಪಡಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ.

ಕ್ರಾಸಿನ ಗುಣ

ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗ್‌ಗೆ ಶಕ್ತಿ ಒಯ್ಯುವ ಉದ್ದನೆ ಕೊಳವೆಗೆ ಶಾಫ್ಟ್ ಅನ್ನುತ್ತೇವೆ. ಅದರ ಎರಡೂ ತುದಿಗೆ ಒಂದೊಂದು ಜಾಯಿಂಟ್, ಅದರೊಳಗೆ ಕೂಡಿಸು ಚಿಹ್ನೆಯಂಥ ಕ್ರಾಸ್. ಗುಂಡಿ ಬಿದ್ದಾಗ ಹೌಸಿಂಗ್ ಮೇಲೆ ಕೆಳಗೆ ಆದರೂ ಶಾಫ್ಟ್ ತಿರುಗುತ್ತಲೇ ಇರಲಿ ಅಂತ ಈ ಏರ್ಪಾಟು. ಇದಕ್ಕೆ ಇಟಲಿಯ ಕಾರ್ಡಾನೊ (1501-1576) ಹೆಸರಿನಿಂದ ಕಾರ್ಡನ್ ಜಾಯಿಂಟ್ ಎಂದೂ, ಇಂಗ್ಲೆಂಡಿನ ರಾಬರ್ಟ್ ಹುಕ್ (1635-1703) ಹೆಸರಿನಿಂದ ಹುಕ್ ಜಾಯಿಂಟ್ ಎಂದೂ ಕರೆಯುತ್ತಾರೆ.

ಈ ಜಾಯಿಂಟಿಗೆ ಒಂದು ಹುಟ್ಟುಗುಣ ಇದೆ. ಅದು ನೆಟ್ಟಗಿದ್ದಾಗ ಎರಡೂ ಕಡೆ ಒಂದೇ ವೇಗ. ಸ್ವಲ್ಪ ಬಾಗಿತೋ, ಈ ಕಡೆ ಸಮನಾಗಿ ತಿರುಗಿಸಿದರೂ ಆ ಕಡೆ ಒಮ್ಮೆ ಬೇಗ, ಒಮ್ಮೆ ನಿಧಾನ ತಿರುಗುತ್ತದೆ. ಒಂದು ಸುತ್ತಿನಲ್ಲಿ ಎರಡು ಸಲ ಬೇಗ, ಎರಡು ಸಲ ನಿಧಾನ. ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಹಳೇ ಜಾಯಿಂಟ್ ಸಿಕ್ಕರೆ ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಬಾಗಿಸಿ ತಿರುಗಿಸಿ ನೋಡಿ, ಕೈಗೇ ತಿಳಿಯುತ್ತದೆ. ಎಷ್ಟು ಬಾಗಿದರೆ ಎಷ್ಟು ಏರಿಳಿತ? ಒಂದು ಕಡೆ ನಿಮಿಷಕ್ಕೆ ಸಮನಾಗಿ 540 ಸುತ್ತು ಕೊಟ್ಟರೆ ಇನ್ನೊಂದು ಕಡೆ ಹೀಗಾಗುತ್ತದೆ:

5 ಡಿಗ್ರಿ ಬಾಗಿದರೆ: 538ರಿಂದ 542
10 ಡಿಗ್ರಿ ಬಾಗಿದರೆ: 532ರಿಂದ 548
20 ಡಿಗ್ರಿ ಬಾಗಿದರೆ: 507ರಿಂದ 575
30 ಡಿಗ್ರಿ ಬಾಗಿದರೆ: 468ರಿಂದ 624

ಬಾಗು ಎರಡು ಪಟ್ಟಾದರೆ ಏರಿಳಿತ ಸುಮಾರು ನಾಲ್ಕು ಪಟ್ಟು ಆಗುವುದನ್ನು ಗಮನಿಸಿ.

ಹಾಗಾದರೆ ಎಲ್ಲಾ ಗಾಡಿಯೂ ನಡುಗಬೇಕಲ್ಲ? ಇಲ್ಲ. ಎರಡು ಜಾಯಿಂಟ್ ಇಟ್ಟಿರುವುದೇ ಅದಕ್ಕೆ. ಇಬ್ಬರು ಹಿಡಿದು ಕೊಯ್ಯುವ ಗರಗಸ ನೋಡಿದ್ದೀರಿ. ಒಬ್ಬ ಎಳೆದಷ್ಟೇ ಇನ್ನೊಬ್ಬ ಸಡಿಲ ಬಿಡಬೇಕು. ಹಾಗೆಯೇ ಮುಂದಿನ ಜಾಯಿಂಟ್ ಶಾಫ್ಟನ್ನು ಬೇಗ ಮಾಡಿದ ಕ್ಷಣದಲ್ಲೇ ಹಿಂದಿನದು ಅಷ್ಟೇ ನಿಧಾನ ಮಾಡುತ್ತದೆ. ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಇದಕ್ಕೆ ಮೂರು ಶರತ್ತು:

1. ಮುಂದಿನ ಜಾಯಿಂಟ್ ಬಾಗಿದಷ್ಟೇ ಹಿಂದಿನದೂ ಬಾಗಿರಬೇಕು. ವ್ಯತ್ಯಾಸ 1 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು.

2. ಶಾಫ್ಟಿನ ಎರಡೂ ತುದಿಯ ಕವೆಗಳು ಒಂದೇ ಸಾಲಿನಲ್ಲಿರಬೇಕು. ಒಂದು ಮಲಗಿ, ಒಂದು ನಿಂತಿರಬಾರದು.

3. ಬಾಗು ಒಟ್ಟಿನಲ್ಲಿ ಸಣ್ಣದಿರಬೇಕು. ಪಿಕಪ್‌ಗೆ 1ರಿಂದ 3 ಡಿಗ್ರಿ ಹಿತ. ಪೂರಾ ಸೊನ್ನೆಯೂ ಬೇಡ. ಬಾಗು ಇಲ್ಲದಿದ್ದರೆ ಕಪ್ಪಿನೊಳಗಿನ ಸೂಜಿ ಬೇರಿಂಗ್ ಉರುಳದೆ ಒಂದೇ ಜಾಗ ಕೊರೆಯುತ್ತದೆ.

ಪಾಟಾ ಇಳಿದರೆ ಏನಾಗುತ್ತದೆ?

ಗಾಡಿ ಬರೀ ಕೆಳಗಿಳಿದರೆ ಅಷ್ಟು ತೊಂದರೆ ಇಲ್ಲ. ಶಾಫ್ಟ್ ಸ್ವಲ್ಪ ಮಟ್ಟವಾಗುತ್ತದೆ, ಎರಡೂ ಜಾಯಿಂಟಿನ ಬಾಗು ಸಮನಾಗಿ ಕಡಿಮೆಯಾಗುತ್ತದೆ. ತೊಂದರೆ ಇರುವುದು ಹೌಸಿಂಗ್ ಮಗುಚುವುದರಲ್ಲಿ.

ಪಾಟಾ ಕಮಾನಿನಂತಿದ್ದಾಗ ಗಿಡ್ಡ, ನೆಟ್ಟಗಾದಾಗ ಉದ್ದ. ಉದ್ದವಾದ ಪಾಟಾ ಹಿಂದಿನ ಶಾಕಲ್ಲನ್ನು ಹಿಂದಕ್ಕೆ ದೂಡುತ್ತದೆ. ತೂಗುವ ಶಾಕಲ್ ಹಿಂದಕ್ಕೆ ವಾಲಿದಾಗ ಪಾಟಾದ ಹಿಂದಿನ ಕಣ್ಣು ಮೇಲೇಳುತ್ತದೆ. ಪಾಟಾಕ್ಕೆ ಯು-ಬೋಲ್ಟಿನಲ್ಲಿ ಬಿಗಿದಿರುವ ಹೌಸಿಂಗ್ ಅದರೊಂದಿಗೆ ತಿರುಗಿ ಪಿನಿಯನ್ ಮೂತಿ ನೆಲ ನೋಡುತ್ತದೆ. ಮುಂದಿನ ಜಾಯಿಂಟ್ ಇದ್ದಂತೆಯೇ ಇದ್ದು, ಹಿಂದಿನದು ಮಾತ್ರ ಹೆಚ್ಚು ಬಾಗುತ್ತದೆ. ಇಬ್ಬರ ಗರಗಸದಲ್ಲಿ ಒಬ್ಬ ಗೇಣು ಎಳೆದರೆ ಇನ್ನೊಬ್ಬ ಮೊಳ ಬಿಟ್ಟ ಹಾಗೆ.

ಪಾಟಾ ಕಡಿಮೆಯಾದರೆ ಇನ್ನೊಂದು ತ್ರಾಸು. ಗಾಡಿ ಎಳೆಯುವಾಗ ಚಕ್ರ ಮುಂದಕ್ಕೆ ತಿರುಗಿದರೆ ಹೌಸಿಂಗ್ ಅದರ ವಿರುದ್ಧ ತಿರುಗಲು ನೋಡುತ್ತದೆ, ಮೂತಿ ಮೇಲೇಳುತ್ತದೆ. ಅದನ್ನು ತಡೆಯುವುದು ಪಾಟಾದ ಬಿಗಿತ. ಪಾಟಾ ತೆಳುವಾದರೆ ಮೂತಿ ಎದ್ದು ಬಿದ್ದು ಮಾಡುತ್ತದೆ. ಲೋಡ್ ಗಾಡಿಯನ್ನು ಮೊದಲ ಗೇರಿನಲ್ಲಿ ಎಬ್ಬಿಸುವಾಗ ಬರುವ ಗಡಗಡ ಬಹಳ ಸಲ ಇದೇ. ಒಂದು ಚೀಲ ನೆಲ್ಲು 75 ಕಿಲೋ ಅಂದರೆ 20 ಚೀಲಕ್ಕೆ ಒಂದೂವರೆ ಟನ್ ಆಯಿತು. ಅಷ್ಟು ಹೇರಿ ಹೊಲದ ಹಸಿ ದಾರಿಯಿಂದ ಕಾಲುವೆ ಏರಿ ಹತ್ತಿಸುವಾಗ ಜಾಯಿಂಟ್ ಮೇಲೆ ಬೀಳುವ ಒತ್ತಡ ಸಣ್ಣದಲ್ಲ.

ಮೊದಲು ಬೇರೆ ಕಾರಣ ತಳ್ಳಿಹಾಕಿ

ನಡುಕ ಅಂದ ಕೂಡಲೇ ಶಾಫ್ಟ್ ಬಿಚ್ಚಬೇಡಿ. ನಡುಕದ ಜಾತಿ ನೋಡಿ. ಚಕ್ರದ ಸುತ್ತಳತೆ 2.2 ಮೀಟರ್ ಅಂತ ಹಿಡಿದರೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಏಳೆಂಟು ಸುತ್ತು ತಿರುಗುತ್ತದೆ. ಕ್ರೌನ್-ಪಿನಿಯನ್ ಲೆಕ್ಕ ಒಂದಕ್ಕೆ ನಾಲ್ಕು ಇದ್ದರೆ ಶಾಫ್ಟ್ ಸೆಕೆಂಡಿಗೆ 30 ಸುತ್ತು. ಜಾಯಿಂಟಿನ ಏರಿಳಿತ ಸುತ್ತಿಗೆ ಎರಡು, ಅಂದರೆ ಸೆಕೆಂಡಿಗೆ 60. ಆದ್ದರಿಂದ ಟೈರಿನ ದೋಷ ಎಣಿಸುವಷ್ಟು ನಿಧಾನದ ಅಲುಗಾಟವಾಗಿ, ಶಾಫ್ಟಿನ ದೋಷ ದುಂಬಿ ಗುಂಯ್ ಅಂದ ಹಾಗೆ ಸಣ್ಣ ನಡುಕವಾಗಿ ಬರುತ್ತದೆ.

ಖಾಲಿ, ನೇರ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ತಂದು, ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ ನೋಡಿ. ಗೇರ್ ಬದಲಾದರೂ ನಡುಕ ಅಷ್ಟೇ ಇದ್ದರೆ ದೋಷ ಶಾಫ್ಟ್ ಅಥವಾ ಚಕ್ರದ ಕಡೆ. ಎಂಜಿನ್ ಏರಿಸಿದಂತೆ, ಗಾಡಿ ನಿಂತಾಗಲೂ ನಡುಗಿದರೆ ಅದು ಎಂಜಿನ್ ಅಥವಾ ಅದರ ರಬ್ಬರ್ ಪಾಯಿದು.

ಮಳೆಗಾಲದಲ್ಲಿ ನಮ್ಮ ಎರಿ ಮಣ್ಣಿನದು ಬೇರೆ ಕಥೆ. ರಾಡಿಯಲ್ಲಿ ಹಾಯ್ದು ಬಂದ ಗಾಡಿಯ ಶಾಫ್ಟಿಗೆ ಮಣ್ಣು ಒಂದೇ ಮಗ್ಗುಲಿಗೆ ಮೆತ್ತಿ ಒಣಗಿ ಕಲ್ಲಾಗುತ್ತದೆ. ತಿರುಗುವ ಕೊಳವೆಗೆ ಅಷ್ಟು ತೂಕ ಸಾಕು, ಗಾಡಿ ನಡುಗಲು. ಮೊದಲು ತೊಳೆಯಿರಿ. ತೊಳೆದಾಗ ಕೊಳವೆಗೆ ಬೆಸೆದ ಸಣ್ಣ ತಗಡಿನ ತುಂಡು ಕಂಡರೆ ಅದು ಹೊಲಸಲ್ಲ, ಕಂಪನಿಯವರು ತೂಕ ಸಮ ಮಾಡಲು ಹಾಕಿದ್ದು. ಅದನ್ನು ಕೀಳಬೇಡಿ. ಜಾಗ ಬೋಳಾಗಿ ಬೆಸುಗೆ ಗುರುತು ಮಾತ್ರ ಉಳಿದಿದ್ದರೆ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಬೇಕು.

ಕ್ರಾಸನ್ನು ಕೈಯಲ್ಲಿ ಅಲುಗಿಸಿ ನೋಡಿ. ಆಟ ಇರಬಾರದು. ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅದು ಗ್ರೀಸ್ ಇಲ್ಲದೆ ಒಣಗಿದೆ. ಶಾಕಲ್ ಬುಶ್, ಯು-ಬೋಲ್ಟ್, ಚಕ್ರದ ನಟ್ ನೋಡಿ. ಇವೆಲ್ಲ ಸರಿ ಇದ್ದೂ ನಡುಗಿದರೆ ಕೋನ ಅಳೆಯುವ ಕೆಲಸ.

ಕೋನ ಅಳೆಯುವ ಬಗೆ

ಶಾಲೆ ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಸಾಕು. ಅದರ ನಡು ಬಿಂದುವಿಗೆ ದಾರ ಕಟ್ಟಿ, ತುದಿಗೆ ಒಂದು ನಟ್ ಇಳಿಬಿಡಿ. ಗೌಂಡಿಯ ಒಳಂಬದ ಹಾಗೆ ದಾರ ಯಾವಾಗಲೂ ನೆಲಕ್ಕೆ ನೆಟ್ಟಗೆ ನಿಲ್ಲುತ್ತದೆ. ಕೋನಮಾಪಕದ ನೇರ ಅಂಚನ್ನು ಶಾಫ್ಟಿನ ಕೆಳಗೆ ಹಚ್ಚಿದರೆ ದಾರ 90ರಿಂದ ಎಷ್ಟು ಸರಿಯಿತೋ ಅಷ್ಟು ಡಿಗ್ರಿ ಇಳಿಜಾರು. ರಸಮಟ್ಟ ಇದ್ದವರು 30 ಸೆಂ.ಮೀ. ಪಟ್ಟಿ ಹಚ್ಚಿ ಅಳೆಯಬಹುದು. 30 ಸೆಂ.ಮೀ.ಗೆ 5 ಮಿ.ಮೀ. ಏರಿಳಿತ ಬಂದರೆ ಸುಮಾರು 1 ಡಿಗ್ರಿ.

ಗಾಡಿಯನ್ನು ಸಿಮೆಂಟಿನ ಕಣ ಅಥವಾ ಮಟ್ಟಸ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಎಂಜಿನ್ ಬಂದಾಗಿ ಚಾವಿ ನಿಮ್ಮ ಜೇಬಿನಲ್ಲಿರಲಿ. ಗಾಡಿಯ ತೂಕ ಚಕ್ರದ ಮೇಲೇ ಇರಬೇಕು. ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಹೌಸಿಂಗ್ ಜೋತು ಬಿದ್ದು ಲೆಕ್ಕ ತಪ್ಪುತ್ತದೆ. ಕೆಳಗೆ ತೂರಲು ಜಾಗ ಸಾಲದಿದ್ದರೆ ನಾಲ್ಕೂ ಚಕ್ರದ ಕೆಳಗೆ ಸಮ ಎತ್ತರದ ಗಟ್ಟಿ ಹಲಗೆ ಕೊಟ್ಟು ಹತ್ತಿಸಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಲಗಲೇಬೇಡಿ.

ಮೂರು ಕಡೆ ಅಳೆಯಿರಿ: ಗೇರ್ ಬಾಕ್ಸಿನ ಹಿಂದಿನ ಫ್ಲೇಂಜ್, ಶಾಫ್ಟಿನ ಕೊಳವೆ, ಪಿನಿಯನ್ ಫ್ಲೇಂಜ್. ಫ್ಲೇಂಜ್ ನಿಂತಿರುವುದರಿಂದ ಅಲ್ಲಿ ಮಾಪಕದ ಅಂಚನ್ನು ನಿಲ್ಲಿಸಿ ಹಚ್ಚಬೇಕು. ಆಗ ದಾರ ಸೊನ್ನೆಯಿಂದ ಎಷ್ಟು ಸರಿಯಿತು ಅಂತ ನೋಡಿ. ಹಿಂದಕ್ಕೆ ಇಳಿಜಾರಿದ್ದರೆ ಕೂಡಿಸು, ಹಿಂದಕ್ಕೆ ಏರಿದ್ದರೆ ಕಳೆ ಅಂತ ಬರೆದುಕೊಳ್ಳಿ. ನನ್ನ ಗಾಡಿಗೆ ಒಂದೇ ತುಂಡಿನ ಶಾಫ್ಟ್. ಖಾಲಿ ಇದ್ದಾಗ ಸಿಕ್ಕ ಲೆಕ್ಕ ಹೀಗಿತ್ತು:

ಗೇರ್ ಬಾಕ್ಸ್: ಕೂಡಿಸು 3
ಶಾಫ್ಟ್: ಕೂಡಿಸು 5
ಪಿನಿಯನ್: ಕಳೆ 2 (ಮೂತಿ ನೆಲ ನೋಡುತ್ತಿತ್ತು)

ಮುಂದಿನ ಜಾಯಿಂಟಿನ ಬಾಗು 5ರಲ್ಲಿ 3 ಕಳೆದರೆ 2 ಡಿಗ್ರಿ. ಹಿಂದಿನದು 5ಕ್ಕೆ 2 ಕೂಡಿ 7 ಡಿಗ್ರಿ. ವ್ಯತ್ಯಾಸ 5. ಹಿಂದಿನ ಕ್ರಾಸೇ ಮೇಲಿಂದ ಮೇಲೆ ಯಾಕೆ ಹೋಗುತ್ತಿತ್ತು ಅನ್ನುವುದಕ್ಕೆ ಉತ್ತರ ಸಿಕ್ಕಿತು.

ಸರಿಪಡಿಸಿದ್ದು

ಮೊದಲ ಕೆಲಸ ಪಾಟಾ. ಬಿಚ್ಚಿದ್ದ ಪಾಟಾ ಹಾಕಿಸಿ, ಸೋತವನ್ನು ಬದಲಿಸಿ, ಕಂಪನಿ ಲೆಕ್ಕಕ್ಕೆ ತಂದೆವು. ಶಾಕಲ್ ಬುಶ್ ಹೊಸದು ಹಾಕಿದೆವು. ಇಷ್ಟಕ್ಕೇ ಗಾಡಿ ಎದ್ದು ಶಾಫ್ಟ್ ಕೂಡಿಸು 6 ಆಯಿತು, ಪಿನಿಯನ್ ಕಳೆ 2ರಿಂದ ಸೊನ್ನೆಗೆ ಬಂತು. ಈಗ ಮುಂದೆ 3, ಹಿಂದೆ 6. ಇನ್ನೂ 3 ಡಿಗ್ರಿ ವ್ಯತ್ಯಾಸ.

ಎರಡನೆಯದು ಬೆಣೆ. ಪಾಟಾಕ್ಕೂ ಹೌಸಿಂಗ್‌ನ ಕೂರುವ ಜಾಗಕ್ಕೂ ನಡುವೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಉಕ್ಕಿನ ಬೆಣೆ ಕೊಟ್ಟರೆ ಹೌಸಿಂಗ್ ಅಷ್ಟು ತಿರುಗುತ್ತದೆ. 3 ಡಿಗ್ರಿ ಬೇಕಿದ್ದರೂ 2 ಡಿಗ್ರಿಯದೇ ಕೊಡಿಸಿದೆ. ಎಳೆಯುವಾಗ ಮೂತಿ ತಾನಾಗಿ ಸ್ವಲ್ಪ ಮೇಲೇಳುತ್ತದಲ್ಲ, ಅದಕ್ಕೆ ಒಂದು ಡಿಗ್ರಿ ಜಾಗ ಬಿಡಬೇಕು. ಈಗ ಪಿನಿಯನ್ ಕೂಡಿಸು 2. ಮುಂದೆ 3, ಹಿಂದೆ 4. ಲೋಡ್ ಹಾಕಿ ಅಳೆದಾಗ ಮುಂದೆ 1, ಹಿಂದೆ 2. ನಡುಕ ನಿಂತಿತು.

ಬೆಣೆಯ ದಪ್ಪ ತುದಿ ಯಾವ ಕಡೆ? ಇದು ಉಲ್ಟಾ ಆದರೆ ರೋಗ ಎರಡು ಪಟ್ಟಾಗುತ್ತದೆ. ಪಿನಿಯನ್ ಮೂತಿ ಎತ್ತಬೇಕಾದಾಗ, ಪಾಟಾ ಹೌಸಿಂಗ್‌ನ ಮೇಲೆ ಕೂತಿದ್ದರೆ ದಪ್ಪ ತುದಿ ಗಾಡಿಯ ಹಿಂದಕ್ಕೆ ಇರಲಿ. ಪಾಟಾ ಹೌಸಿಂಗ್‌ನ ಕೆಳಗೆ ಇದ್ದರೆ ದಪ್ಪ ತುದಿ ಮುಂದಕ್ಕೆ. ಎಡಕ್ಕೂ ಬಲಕ್ಕೂ ಒಂದೇ ಅಳತೆಯ ಬೆಣೆ.

ಇನ್ನು ಕೆಲವು ಸೂಚನೆ:

ಬೆಣೆ ಉಕ್ಕಿನದೇ ಇರಲಿ. ಕಟ್ಟಿಗೆ, ತಗಡಿನ ಮಡಿಕೆ ಭಾರಕ್ಕೆ ನುಜ್ಜಾಗಿ ಯು-ಬೋಲ್ಟ್ ಸಡಿಲಾಗುತ್ತದೆ. ಪಾಟಾದ ನಡುವಿನ ಬೋಲ್ಟ್ ಬೆಣೆಯ ತೂತಿನಲ್ಲಿ ಹಾಯ್ದು ಕೆಳಗಿನ ಗುಳಿಯಲ್ಲಿ ಕೂರಲೇಬೇಕು. ಗಿಡ್ಡವಾದರೆ ಉದ್ದನೆಯದು ಹಾಕಿಸಿ.

ಯು-ಬೋಲ್ಟ್ ಹೊಸವೇ ಹಾಕಿ, ಎದುರು ಬದಿರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಒಂದೆರಡು ಲೋಡ್ ಹೊಡೆದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ಪಾಟಾಕ್ಕೆ ಬೆಸುಗೆ ಹಚ್ಚಬೇಡಿ. ಕಾಸಿದ ಪಾಟಾ ಹದ ಕಳೆದುಕೊಂಡು ಲೋಡಿನಲ್ಲಿ ಮುರಿಯುತ್ತದೆ.

ಶಾಫ್ಟ್ ಬಿಚ್ಚುವ ಮೊದಲು ಜೋಡಣೆಯ ಎರಡೂ ಕಡೆ ಬಣ್ಣದ ಗೆರೆ ಎಳೆಯಿರಿ. ಜಾರುವ ಹಲ್ಲಿನ ಭಾಗ ಹೊರಗೆ ಬಂದು ಬೇರೆ ಹಲ್ಲಿಗೆ ಕೂತರೆ ಕವೆಗಳ ಸಾಲು ತಪ್ಪುತ್ತದೆ. ಕೋನ ಎಷ್ಟು ಸರಿ ಇದ್ದರೂ ಆಗ ನಡುಕ ಹೋಗುವುದಿಲ್ಲ.

ಜಾರುವ ಭಾಗ ಲೋಡಿನಲ್ಲೂ ಒಳಗೆ ತಳ ಮುಟ್ಟಬಾರದು. ಮುಟ್ಟಿದರೆ ಗೇರ್ ಬಾಕ್ಸಿನ ಬೇರಿಂಗಿಗೆ ಗುದ್ದು. ಬ್ರೇಕ್ ಪೈಪ್ ಎಲ್ಲೂ ಎಳೆಯದಂತೆ, ಉಜ್ಜದಂತೆ ನೋಡಿ.

ಎರಡು ತುಂಡಿನ ಶಾಫ್ಟ್ ಇದ್ದರೆ ನಡುವಿನ ಬೇರಿಂಗಿನ ರಬ್ಬರ್ ಮೊದಲು ನೋಡಿ. ರಬ್ಬರ್ ಹರಿದು ಬೇರಿಂಗ್ ಇಳಿದರೆ ಕೋನವೂ ಕೆಡುತ್ತದೆ. ಜೋಡಿಯಿಲ್ಲದ ಮುಂದಿನ ಜಾಯಿಂಟನ್ನು ಆದಷ್ಟು ನೆಟ್ಟಗೆ, ಅರ್ಧದಿಂದ ಒಂದು ಡಿಗ್ರಿಯಲ್ಲಿ ಇಟ್ಟು, ಹಿಂದಿನ ಎರಡನ್ನು ಸಮ ಮಾಡಬೇಕು.

ಪಾಟಾ ಬಿಚ್ಚಿ ಗಾಡಿ ತಗ್ಗಿಸುವುದು, ಹೆಚ್ಚು ಪಾಟಾ ಸೇರಿಸಿ ಓವರ್ ಲೋಡ್ ಹಾಕುವುದು ಎರಡೂ ಒಂದೇ ಸಾಲಿನವು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ಗಾಡಿಯನ್ನು ಕಂಪನಿಯ ಮೂಲ ವಿವರಕ್ಕೆ ಹೊರತಾಗಿ ಮಾರ್ಪಡಿಸುವಂತಿಲ್ಲ. ಅಪಘಾತವಾದಾಗ ಈ ಮಾತು ಬಹಳ ದೊಡ್ಡದಾಗುತ್ತದೆ. ಆದ್ದರಿಂದ ಮೂಲ ಸ್ಥಿತಿಗೆ ತರುವುದೇ ಸರಿಯಾದ ದಾರಿ. ಬೆಣೆ ಅಂದರೆ ಉಳಿದ ಒಂದೆರಡು ಡಿಗ್ರಿ ತಿದ್ದುವುದಕ್ಕೆ ಮಾತ್ರ, ಅದೂ ಬಲ್ಲ ಮಿಸ್ತ್ರಿ ಕೈಯಿಂದ.

ಕ್ರಾಸ್ ಪೂರಾ ಮುರಿದರೆ ಏನಾಗುತ್ತದೆ ಅನ್ನುವುದು ಗೊತ್ತಿರಲಿ. ಹಿಂದಿನದು ಮುರಿದರೆ ಶಾಫ್ಟ್ ಬಿದ್ದು ರಸ್ತೆಗೆ ಉಜ್ಜುತ್ತದೆ. ಮುಂದಿನದು ಮುರಿದರೆ ಕೊಳವೆಯ ಮುಂತುದಿ ನೆಲಕ್ಕೆ ನಾಟಿ ಗಾಡಿಯ ಹಿಂಭಾಗವನ್ನೇ ಎತ್ತಿಬಿಡಬಹುದು. ಹಿಂದೆ ಹತ್ತಿ ಮೂಟೆಯ ಮೇಲೆ ಕೂಲಿಯವರು ಕೂತಿದ್ದರೆ ಗತಿ ಏನು? ಶಾಫ್ಟಿನ ಮುಂಭಾಗದ ಕೆಳಗೆ ಕಬ್ಬಿಣದ ಪಟ್ಟಿಯ ಕೊಂಡಿ ಇದ್ದರೆ ಶಾಫ್ಟ್ ನೆಲಕ್ಕೆ ಬೀಳದು. ಸರಕಿನ ಮೇಲೆ ಜನರನ್ನು ಕೂಡಿಸದಿರುವುದು ಎಲ್ಲಕ್ಕಿಂತ ಮೇಲು.

ರೋಟವೇಟರಿಗೂ ಇದೇ ಲೆಕ್ಕ

ಪಿಕಪ್ ಇಲ್ಲದವರೂ ಇದನ್ನು ಓದಬೇಕು ಅನ್ನಲು ಕಾರಣ ಇದೆ. ಟ್ರ್ಯಾಕ್ಟರಿನ ಪಿ.ಟಿ.ಒ.ದಿಂದ ರೋಟವೇಟರಿಗೆ ಹೋಗುವ ಶಾಫ್ಟಿನಲ್ಲೂ ಎರಡು ಕ್ರಾಸ್ ಇವೆ. ಅಲ್ಲಿ ಬಾಗು 2-3 ಡಿಗ್ರಿ ಅಲ್ಲ, 15-20ರವರೆಗೂ ಹೋಗುತ್ತದೆ. ಮೇಲಿನ ಪಟ್ಟಿ ಮತ್ತೊಮ್ಮೆ ನೋಡಿ. ಅಲ್ಲಿ ಬೆಣೆಯ ಕೆಲಸ ಮಾಡುವುದು ಟಾಪ್ ಲಿಂಕ್. ರೋಟವೇಟರ್ ಮಣ್ಣಿನಲ್ಲಿ ಕೆಲಸದ ಆಳಕ್ಕೆ ಇಳಿದಾಗ ಅದರ ಗೇರ್ ಬಾಕ್ಸಿನ ಮೂತಿ ಟ್ರ್ಯಾಕ್ಟರಿನ ಪಿ.ಟಿ.ಒ.ಗೆ ಸಮಾಂತರ ಇರಬೇಕು. ಮೂತಿ ನೆಲ ನೋಡಿದರೆ ಟಾಪ್ ಲಿಂಕ್ ಉದ್ದ ಮಾಡಿ, ಆಕಾಶ ನೋಡಿದರೆ ಗಿಡ್ಡ ಮಾಡಿ. ಬದುವಿನ ಹತ್ತಿರ ತಿರುಗಿಸಲು ರೋಟವೇಟರ್ ಎತ್ತುವ ಮೊದಲು ಪಿ.ಟಿ.ಒ. ಬಂದ್ ಮಾಡಿ. 30 ಡಿಗ್ರಿ ದಾಟಿ ತಿರುಗಿಸಿದರೆ ಕ್ರಾಸ್ ಬಾಳುವುದಿಲ್ಲ. ರಿಪೇರಿ ಮಾಡಿಸಿ ತಂದಾಗ ಎರಡೂ ಕವೆ ಒಂದೇ ಸಾಲಿನಲ್ಲಿವೆಯೇ ನೋಡಿಕೊಳ್ಳಿ.

ಈ ಶಾಫ್ಟಿನ ಪ್ಲಾಸ್ಟಿಕ್ ಕವಚ ಕಿತ್ತು ಎಸೆಯುವ ಚಟ ನಮ್ಮಲ್ಲಿ ಬಹಳ. 540 ಸುತ್ತು ಅಂದರೆ ಸೆಕೆಂಡಿಗೆ 9. ಆರು ಸೆಂ.ಮೀ. ದಪ್ಪದ ಶಾಫ್ಟ್ ಕೂಡ ಒಂದು ಸೆಕೆಂಡಿನಲ್ಲಿ 1.7 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಧೋತರದ ಚುಂಗು, ಹೆಗಲ ಟವೆಲ್, ಸೀರೆ ಸೆರಗು ಬಿಡಿಸಿಕೊಳ್ಳುವಷ್ಟು ಹೊತ್ತು ಅದು ಕೊಡುವುದಿಲ್ಲ. ತೊಗರಿ ರಾಶಿ ಮಾಡುವಾಗ ಮಷಿನ್ ಸುತ್ತ ಹೆಣ್ಣುಮಕ್ಕಳು, ಹುಡುಗರು ಇರುತ್ತಾರೆ. ಕವಚ ಇಲ್ಲದ ಮಷಿನ್ ಕಣಕ್ಕೆ ಬಂದರೆ ಬಾಡಿಗೆಯವರಿಗೆ ಹೇಳಿ ಹಾಕಿಸಿ, ಇಲ್ಲವೇ ವಾಪಸು ಕಳಿಸಿ.

ವರ್ಷಕ್ಕೊಮ್ಮೆ, ಹತ್ತಿ ಬಿಡಿಸುವುದು ಶುರುವಾಗುವ ಮೊದಲು ಗಾಡಿಯ ಕೆಳಗೆ ಒಂದು ತಾಸು ಕಳೆಯಿರಿ. ಶಾಫ್ಟ್ ತೊಳೆದು, ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಹೊಡೆದು, ಯು-ಬೋಲ್ಟ್ ಬಿಗಿದು, ಮೂರು ಕೋನ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷ ಪಿನಿಯನ್ ಲೆಕ್ಕ ಒಂದು ಡಿಗ್ರಿ ಇಳಿದಿದ್ದರೆ ಪಾಟಾ ಸೋಲುತ್ತಿದೆ ಅಂತ ನಡುಕ ಬರುವ ಮೊದಲೇ ತಿಳಿಯುತ್ತದೆ. ಹಳೇ ಗಾಡಿ ಕೊಳ್ಳಲು ಹೋಗುವಾಗಲೂ ಆ ಕೋನಮಾಪಕ ಜೇಬಿನಲ್ಲಿರಲಿ. ಬಣ್ಣ, ಸೀಟು ಹೊಸದು ಮಾಡಿ ಮಾರುವವರಿದ್ದಾರೆ. ಪಾಟಾ ಎಣಿಸಿ, ಕೋನ ನೋಡಿ, ಆಮೇಲೆ ದರ ಮಾತಾಡಿ.